ಹಿಂದಿನ ಸೀಟಿನವರನ್ನು ಕೇಳಿದವರಾರು?

ವಿದ್ಯುತ್ ಕಾರು ಕೊಂಡ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಮೊದಲು ಹೇಳುವುದು ಒಂದು ಸಂಖ್ಯೆಯನ್ನು: ಒಮ್ಮೆ ಚಾರ್ಜು ಮಾಡಿದರೆ ಇಷ್ಟು ಕಿಲೋಮೀಟರು, ಸಾರ್! ಆಮೇಲೆ ಪರದೆಯ ಅಗಲ. ಆಮೇಲೆ, ನಿಂತಲ್ಲಿಂದ ನೂರರ ವೇಗಕ್ಕೆ ಎಷ್ಟು ಸೆಕೆಂಡು ಎಂಬುದು. ಹಿಂದೆ ಕುಳಿತಿದ್ದ ತಾಯಿಯ ಸೊಂಟ ಊರು ತಲುಪುವ ಹೊತ್ತಿಗೆ ಏನಾಗಿತ್ತೆಂದು ಇದುವರೆಗೆ ಒಬ್ಬನೂ ಹೇಳಿದ್ದಿಲ್ಲ.

2020ರಲ್ಲಿ ನೆಕ್ಸಾನ್ ಇವಿ ಬಂದಾಗ ಪ್ರಮಾಣೀಕೃತ ದೂರ 312 ಕಿಲೋಮೀಟರು. 2024ರ ಕೊನೆಯಲ್ಲಿ ಬಂದ ಮಹೀಂದ್ರದ ಕಾರುಗಳಲ್ಲಿ ಅದು 600ನ್ನು ದಾಟಿತು. ಸಂತೋಷ. 2023ರಿಂದ ಭಾರತ್ ಎನ್‌ಸಿಎಪಿ ಪರೀಕ್ಷೆ ಅಪಘಾತದ ರಕ್ಷಣೆಗೆ ನಕ್ಷತ್ರಗಳನ್ನೂ ನೀಡುತ್ತಿದೆ. ಇನ್ನೂ ಸಂತೋಷ. ಆದರೆ ಅಪಘಾತವಾಗದ ದಿನಗಳಲ್ಲಿ ಬೆನ್ನುಮೂಳೆಗೆ ಆಗುವುದಕ್ಕೆ ಯಾವ ನಕ್ಷತ್ರವೂ ಇಲ್ಲ. ನಾವು ಕೇಳದಿದ್ದುದರಿಂದಲೇ ಇಲ್ಲ ಎಂಬುದು ನನ್ನ ವಾದ.

“ಸದ್ದೇ ಇಲ್ಲ, ತೇಲಿದ ಹಾಗೆ ಹೋಗುತ್ತದೆ” ಎನ್ನುತ್ತೀರಿ. ಸದ್ದಿಲ್ಲದಿರುವುದು ಬೇರೆ, ಸುಖವಾಗಿರುವುದು ಬೇರೆ. ನಿಜವಾಗಿ ನೋಡಿದರೆ ಎಂಜಿನ್ನಿನ ಗದ್ದಲ ಬಹಳ ಕಾಲ ತಯಾರಕರ ಮಾನ ಕಾಪಾಡಿತ್ತು. ಅದು ನಿಂತೊಡನೆ ಡ್ಯಾಶ್‌ಬೋರ್ಡಿನ ಕಿರುಗುಟ್ಟುವಿಕೆ, ಬಾಗಿಲಿನ ರಬ್ಬರಿನ ಸಂದಿಯಿಂದ ನುಗ್ಗುವ ಗಾಳಿ, ಟೈರಿನ ಮೊರೆತ ಎಲ್ಲವೂ ಕೇಳತೊಡಗುತ್ತವೆ. ಇಪ್ಪತ್ತು ಲಕ್ಷ ಕೊಟ್ಟ ಗಾಡಿ ಹಳೆಯ ಟ್ರಂಕಿನಂತೆ ಗಲಗಲಿಸಿದರೆ ಅದನ್ನು ಹೊಸ ತಂತ್ರಜ್ಞಾನದ ಬಾಲಗ್ರಹವೆಂದು ಏಕೆ ಕ್ಷಮಿಸಬೇಕು?

ಒಂಬತ್ತನೆಯ ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ಸ್ಪ್ರಿಂಗಿನ ಮೇಲೆ ಕುಳಿತ ಭಾರ ಎಷ್ಟು ನಿಧಾನವಾಗಿ ತೂಗುತ್ತದೆಂಬುದು ಸ್ಪ್ರಿಂಗಿನ ಬಿಗಿ ಮತ್ತು ದ್ರವ್ಯರಾಶಿಗಳ ಅನುಪಾತವನ್ನು ಅವಲಂಬಿಸಿದೆ. ಒಳ್ಳೆಯ ಕಾರಿನ ದೇಹ ಸೆಕೆಂಡಿಗೆ ಒಂದು, ಒಂದೂವರೆ ಸಲ ಮಾತ್ರ ಏರಿಳಿಯುತ್ತದೆ. ನಾವು ನಡೆಯುವಾಗಿನ ಲಯಕ್ಕೆ ಇದು ಹತ್ತಿರ. ಕುಳಿತ ಮನುಷ್ಯನಿಗೆ ಅತಿಯಾಗಿ ಬಾಧಿಸುವುದು ಸೆಕೆಂಡಿಗೆ 4ರಿಂದ 8ರವರೆಗಿನ ಕಂಪನ. ಬ್ಯಾಟರಿಯ ತೂಕ ತಾನಾಗಿಯೇ ಶತ್ರುವಲ್ಲ. ಅದು ನೆಲದಡಿಯಲ್ಲಿ ಇರುವುದರಿಂದ ಗುರುತ್ವ ಕೇಂದ್ರ ತಗ್ಗುತ್ತದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ವಾಲುವುದು ಕಡಿಮೆ, ಇದನ್ನು ಮೆಚ್ಚಲೇಬೇಕು. ತೊಂದರೆ ಆಮೇಲಿನದು. ಬ್ಯಾಟರಿ ನೆಲಕ್ಕೆ ತಾಗಬಾರದೆಂದು ಸ್ಪ್ರಿಂಗನ್ನು ಅಗತ್ಯಕ್ಕಿಂತ ಬಿಗಿಮಾಡುವುದು, ಆ ಭಾರವನ್ನು ಹಿಡಿದು ನಿಲ್ಲಿಸಲಾರದ ಅಗ್ಗದ ಡ್ಯಾಂಪರು ಹಾಕುವುದು, ಅಂದಕ್ಕೆಂದು ದೊಡ್ಡ ಚಕ್ರಕ್ಕೆ ತೆಳುವಾದ ಟೈರು ತೊಡಿಸುವುದು. ಗುಂಡಿಯ ಪೆಟ್ಟನ್ನು ಮೊದಲು ನುಂಗಬೇಕಾದದ್ದು ಟೈರಿನೊಳಗಿನ ಗಾಳಿ; ಅದಕ್ಕೇ ಜಾಗವಿಲ್ಲದಂತೆ ಮಾಡಿ, ಅದನ್ನು ‘ಸ್ಪೋರ್ಟಿ’ ಎಂದು ಮಾರುತ್ತಾರೆ!

ಕುಳಿತುಕೊಳ್ಳುವ ಭಂಗಿಯ ಮಾತೂ ಇದೆ. ಪೆಟ್ರೋಲು ಕಾರಿಗೆಂದು ರೂಪಿಸಿದ ಒಡಲಿನ ಕೆಳಗೆ ಬ್ಯಾಟರಿಯನ್ನು ತುರುಕಿದಾಗ ನೆಲ ಮೇಲೇರುತ್ತದೆ, ಸೀಟು ಏರುವುದಿಲ್ಲ. ಕಳೆದ ದೀಪಾವಳಿಯಲ್ಲಿ ಬಂಧುವೊಬ್ಬರ ಅಂಥ ಕಾರಿನಲ್ಲಿ (ಹೆಸರು ಬೇಡ) ತಿಪಟೂರಿನಿಂದ ಹಾಸನದವರೆಗೆ ಹೋದೆ. ತೊಡೆಗೆ ಆಧಾರವೇ ಇಲ್ಲದೆ, ಮೊಣಕಾಲುಗಳನ್ನು ಎದೆಯತ್ತ ಎತ್ತಿಕೊಂಡು, ಪಂಕ್ತಿಯಲ್ಲಿ ಕುಕ್ಕರಗಾಲಲ್ಲಿ ಉಣ್ಣುವವನಂತೆ ಕುಳಿತಿದ್ದೆ. ಜೊತೆಗೆ ಚಾಲಕ ಪೆಡಲಿನಿಂದ ಕಾಲೆತ್ತಿದಾಗಲೆಲ್ಲ ಮೋಟಾರು ಜನರೇಟರಾಗಿ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ವಿದ್ಯುತ್ತು ಉಳಿಯಿತು, ಸರಿ. ಮೊಮ್ಮಗುವಿನ ಹೊಟ್ಟೆ ತೊಳಸಿತು. ಆ ಜಗ್ಗುವಿಕೆಯನ್ನು ಕಡಿಮೆಗೊಳಿಸುವ ಸೌಕರ್ಯ ಅನೇಕ ಕಾರುಗಳಲ್ಲಿದೆ. ಬಳಸುವವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

2001ರಲ್ಲಿ ನಮ್ಮ ಬೆಂಗಳೂರಿನ ರೇವಾ ರಸ್ತೆಗಿಳಿದಾಗ ಇಂಥ ರಿಯಾಯಿತಿ ನ್ಯಾಯವಾಗಿತ್ತು. ಪ್ಲಾಸ್ಟಿಕ್ ಹೊದಿಕೆ, ಸೀಸ-ಆಮ್ಲದ ಬ್ಯಾಟರಿ, ಹಿಂದೆ ಮಕ್ಕಳಷ್ಟೇ ಕೂರಬಹುದಾದ ಜಾಗ. ಅದು ಪ್ರಯೋಗ, ಧೈರ್ಯದ ಪ್ರಯೋಗ. ಆದರೂ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡುತ್ತಿದ್ದ ಅದೇ ಕಾರನ್ನು 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಗುದ್ದಿಸಿ ನೋಡಿ ಕಟುವಾಗಿ ಟೀಕಿಸಿತು. ಪರಿಸರಸ್ನೇಹಿ ಎಂಬ ಮಾತು ಅಲ್ಲಿ ಗುರಾಣಿಯಾಗಲಿಲ್ಲ. ಇಲ್ಲಿ ಇಂದಿಗೂ ಆಗುತ್ತಿದೆ.

“ಸಾರ್, ತಪ್ಪು ರಸ್ತೆಯದು” ಎನ್ನುವವರೂ ಇದ್ದಾರೆ. ಅರ್ಧ ನಿಜ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ರಸ್ತೆಯುಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರವಿದ್ದು, ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವಂತಿರಬೇಕು. ನಮ್ಮ ಬೀದಿಗಳಲ್ಲಿರುವುದು ರಾತ್ರೋರಾತ್ರಿ ಹಾಕಿದ ಡಾಂಬರಿನ ದಿಂಡು. ಆದರೆ ಕಾರು ಮಾರುವವನಿಗೆ ಈ ದಿಂಡು ನಿನ್ನೆ ತಿಳಿದದ್ದಲ್ಲ. ಇದೇ ರಸ್ತೆಯಲ್ಲಿ ಓಡಲೆಂದು ತಾನೇ ಅವನು ಹಣ ಪಡೆಯುವುದು?

ಆದ್ದರಿಂದ ಕೊಳ್ಳುವ ಮೊದಲು ನೀವು ಸ್ಟಿಯರಿಂಗು ಹಿಡಿಯಬೇಡಿ. ಅಂಗಡಿಯವನೇ ಓಡಿಸಲಿ. ನೀವು ಹಿರಿಯರೊಬ್ಬರೊಡನೆ ಹಿಂದೆ ಕುಳಿತು, ವರ್ತುಲ ರಸ್ತೆಯನ್ನು ಬಿಟ್ಟು ನಿಮ್ಮ ಮನೆಯ ಬೀದಿಗೆ ಕರೆದೊಯ್ಯಲು ಹೇಳಿ, ಹವಾನಿಯಂತ್ರಕವನ್ನೂ ಹಾಡನ್ನೂ ನಿಲ್ಲಿಸಿ ಮುಕ್ಕಾಲು ಗಂಟೆ ಸುತ್ತಿ. ಒಪ್ಪದಿದ್ದರೆ ಮುಂಗಡ ಕೊಡದೆ ಎದ್ದು ಬನ್ನಿ.