'ದಿ ಮಿಸ್ಟ್': ಅಂತ್ಯದ ಬಗ್ಗೆ ತಣಿಯದ ಆಕ್ರೋಶ

ಫ್ರಾಂಕ್ ಡಾರಾಬಾಂಟ್ ನಿರ್ದೇಶನದ 'ದಿ ಮಿಸ್ಟ್' ಚಿತ್ರ 2007ರಲ್ಲಿ ಅಮೆರಿಕದಲ್ಲಿ ತೆರೆಕಂಡಾಗ ಅದರ ಅಂತ್ಯ ಪ್ರೇಕ್ಷಕರನ್ನು ಇಬ್ಭಾಗವಾಗಿಸಿತು. ಸ್ಟೀಫನ್ ಕಿಂಗ್ ಅವರ 1980ರ ಮೂಲಕಥೆ ಆಶಾಕಿರಣವೊಂದನ್ನು ಉಳಿಸಿ ಮುಗಿಯುತ್ತದೆ. ಚಿತ್ರದಲ್ಲಾದರೋ, ಮಂಜಿನೊಳಗಿನ ರಾಕ್ಷಸ ಜೀವಿಗಳಿಗೆ ಬಲಿಯಾಗಬಾರದೆಂದು ನಾಯಕ ಡೇವಿಡ್ ಸ್ವಂತ ಮಗನೂ ಸೇರಿದಂತೆ ನಾಲ್ವರನ್ನು ಗುಂಡಿಕ್ಕಿ ಕೊಲ್ಲುತ್ತಾನೆ; ಕೆಲವೇ ನಿಮಿಷಗಳಲ್ಲಿ ಸೇನೆ ಆಗಮಿಸುತ್ತದೆ.

ಇದು ಅನಗತ್ಯ ಕ್ರೌರ್ಯ ಎಂಬುದು ಒಂದು ವರ್ಗದ ಆಕ್ರೋಶ. ಆದರೆ ಆರಂಭದಲ್ಲಿ ಯಾರ ನೆರವೂ ದೊರೆಯದೆ, ಮನೆಯಲ್ಲಿದ್ದ ಮಕ್ಕಳಿಗಾಗಿ ಒಬ್ಬಂಟಿಯಾಗಿ ಮಂಜಿನೊಳಗೆ ನಡೆದ ತಾಯಿ, ಕೊನೆಯಲ್ಲಿ ಸೇನಾ ವಾಹನದಲ್ಲಿ ಅವರೊಂದಿಗೆ ಸುರಕ್ಷಿತವಾಗಿ ಕಾಣಿಸುತ್ತಾಳೆ. ಅಂತ್ಯಕ್ಕೆ ಸಮರ್ಥನೆ ಅಲ್ಲಿಯೇ ಇದೆ. ಪ್ರೇಕ್ಷಕರ ಸಿಟ್ಟಿನ ಮೂಲ ಸಾವಿಗಿಂತಲೂ ನಾಯಕ ಭರವಸೆ ಕಳೆದುಕೊಂಡ ಅವಸರದಲ್ಲಿದೆ. ಸ್ವತಃ ಕಿಂಗ್ ಈ ಬದಲಾವಣೆಯನ್ನು ಮೆಚ್ಚಿಕೊಂಡದ್ದು ಗಮನಾರ್ಹ.