ಕೆಂಪುಗೆರೆಯ ಮೇಲಿನ ಪದಗಳು: ಕನ್ನಡ ಕಾಗುಣಿತ ಪರೀಕ್ಷೆಯ ಕುರಿತು ಒಂದು ಅಭಿಪ್ರಾಯ

ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಸುತ್ತಲಿನ ಆಡುಮಾತನ್ನು ಸಂಗ್ರಹಿಸಿ ಗಣಕಕ್ಕೆ ಇಳಿಸುವಾಗ ಎದುರಾದ ಒಂದು ಪ್ರಸಂಗದಿಂದ ಈ ಟಿಪ್ಪಣಿಯನ್ನು ಆರಂಭಿಸುವುದು ಸೂಕ್ತ. ಕರಡನ್ನು ಮುದ್ರಿಸಿ ನೋಡಿದಾಗ, ವಾಕ್ಯದ ನಡುವೆ ಬಂದ ‘ಜನ’ ಎಂಬ ಪದ ಸರಿಯಾಗಿಯೇ ಇತ್ತು. ವಾಕ್ಯದ ಮೊದಲಿಗೆ ಬಂದ ಹಲವೆಡೆ ಅದು ‘ಆನ’ ಎಂದಾಗಿತ್ತು. ‘ತುಳಸಿಗೇರಿ’ಯ ಮೊದಲಿಗೂ ‘ಗಿ’ ಬಂದು ಕುಳಿತು ಊರಿನ ಗುರುತೇ ಸಿಗದಂತಾಗಿತ್ತು. ಕಾರಣ ಸರಳವಾದುದು. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿವೆ. ‘ಜ’ ಎಂಬುದು ಸಣ್ಣ ‘ಡಿ’, ‘ಆ’ ಎಂಬುದು ದೊಡ್ಡ ‘ಡಿ’. ಪದಸಂಸ್ಕಾರಕವು ಇದನ್ನು ಇಂಗ್ಲಿಷ್ ಬರಹವೆಂದೇ ಭಾವಿಸಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುತ್ತದೆ. ಸ್ವಯಂತಿದ್ದುಪಡಿಯನ್ನು ನಿಲ್ಲಿಸದೆ ಬೆರಳಚ್ಚಿಗೆ ಕುಳಿತ ತಪ್ಪು ನನ್ನದೇ.

1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನ ನೀಡಿರುವ ಯುನಿಕೋಡ್‌ಗೆ ಬಂದರೆ ಈ ತೊಡಕಿಲ್ಲ. ಆದರೆ ಮೊದಲೇ ಕೆಟ್ಟ ಅಕ್ಷರ ಪರಿವರ್ತನೆಯಿಂದ ಸರಿಹೋಗದು. ಪಠ್ಯದ ಭಾಷೆ ಕನ್ನಡವೆಂದು ಗುರುತಿಸಿ, ಕನ್ನಡ ಪದಪಟ್ಟಿಯನ್ನೂ ಅಳವಡಿಸಬೇಕು. ಬಿಂದುವಿನ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದರೆ ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ. ಅಂಥಲ್ಲಿ ಕೆಂಪುಗೆರೆ ಉಪಕಾರಿಯೇ.

ನಿಜವಾದ ಚರ್ಚೆ ಇಲ್ಲಿಂದ ಮುಂದಿನದು. ಲಿಬ್ರೆ ಆಫೀಸ್ ಬಳಸುವ ಹನ್‌ಸ್ಪೆಲ್ ಎಂಬ ಪರೀಕ್ಷಕವು ಮೂಲತಃ ಹಂಗೇರಿಯನ್ ಭಾಷೆಗಾಗಿ ರೂಪುಗೊಂಡದ್ದು. ಪ್ರತ್ಯಯಗಳು ಸಾಲಾಗಿ ಅಂಟುವ ಆ ಭಾಷೆ ಈ ಒಂದು ಅಂಶದಲ್ಲಿ ಕನ್ನಡವನ್ನು ಹೋಲುತ್ತದೆ. ಪ್ರಕೃತಿಗಳ ಪಟ್ಟಿ ಮತ್ತು ಪ್ರತ್ಯಯಗಳ ನಿಯಮಾವಳಿ, ಇವೆರಡರಿಂದ ಅದು ಕೆಲಸ ಮಾಡುತ್ತದೆ. ‘ಮನೆ’ಯನ್ನು ಬಲ್ಲ ಪರೀಕ್ಷಕವು ‘ಮನೆಯಲ್ಲಿದ್ದವರಿಗಾದರೂ’ ಎಂಬುದನ್ನು ಒಪ್ಪಬೇಕಾದರೆ ಸಂಧಿ, ವಿಭಕ್ತಿಗಳ ನಿಯಮಗಳನ್ನು ಯಾರಾದರೂ ಬರೆದುಕೊಟ್ಟಿರಬೇಕು. ಇದು ತಂತ್ರಜ್ಞರಿಗಿಂತ ಹೆಚ್ಚಾಗಿ ವ್ಯಾಕರಣ ಬಲ್ಲವರ ಕೆಲಸ. ಕನ್ನಡ ವಿಭಾಗಗಳು ಇದನ್ನು ತಮ್ಮ ಕೆಲಸವೆಂದು ಸಾಕಷ್ಟು ಭಾವಿಸಿಲ್ಲವೆಂಬುದು ನನ್ನ ಆಕ್ಷೇಪ.

‘ಐತಿ’, ‘ಹೊಂಟಾನ’, ‘ಬಂದಾಳ’ ಎಂಬ ಕ್ರಿಯಾರೂಪಗಳಿಗೂ, ಇದೇ ಜಿಲ್ಲೆಯ ಇಳಕಲ್ ನೇಕಾರರ ‘ತೋಪತೆನಿ’, ‘ಗಾಡಿದಡಿ’, ‘ಚಿಕ್ಕಿಪರಾಸ’ಗಳಿಗೂ ನನ್ನ ಗಣಕ ಕೆಂಪುಗೆರೆ ಎಳೆಯಿತು. ‘ಐತಿ’ಯನ್ನು ‘ಇದೆ’ ಎಂದು ತಿದ್ದಿದರೆ ಗೆರೆ ಮಾಯ. ಜೊತೆಗೆ ಆಕರವೂ ಮಾಯ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಪಾಠವನ್ನು ಸಂಪಾದಿಸುವವರಾರೂ ಅದರ ರೂಪಗಳನ್ನು ಇಂದಿನ ಕಾಗುಣಿತಕ್ಕೆ ಒಗ್ಗಿಸುವುದಿಲ್ಲ. ಆ ಎಚ್ಚರ ಆಡುಮಾತಿನ ಪಾಠಕ್ಕೇಕೆ ಸಲ್ಲದು? ಪ್ರಬಂಧ ಸಲ್ಲಿಸುವ ಕೊನೆಯ ದಿನಗಳಲ್ಲಿ ‘ಎಲ್ಲವನ್ನೂ ಬದಲಿಸು’ ಎಂಬುದನ್ನು ಒತ್ತುವ ಆತುರ ಸಂಶೋಧಕರಿಗೆ ಅಪರಿಚಿತವಲ್ಲ. (ನಾನೂ ಒಮ್ಮೆ ಒತ್ತಿದ್ದುಂಟು, ಹಿಂದಿನ ಪ್ರತಿಯೊಂದು ಉಳಿದಿದ್ದರಿಂದ ಬದುಕಿದೆ.)

ಸಂಗ್ರಹದ ಭಾಗಕ್ಕೆ ಪರೀಕ್ಷೆಯನ್ನೇ ನಿಲ್ಲಿಸಿ, ವಿಶ್ಲೇಷಣೆಯ ಭಾಗಕ್ಕೆ ಮಾತ್ರ ಅನ್ವಯಿಸುವುದು ಸದ್ಯದ ಪರಿಹಾರ. ಪದಗಳನ್ನು ಬಳಕೆದಾರರ ಸ್ವಂತ ನಿಘಂಟಿಗೆ ಸೇರಿಸಲೂಬಹುದು. ಆದರೆ ಅದು ಒಬ್ಬರ ಗಣಕದಲ್ಲಿಯೇ ಉಳಿದು, ಆ ಗಣಕ ಕೆಟ್ಟೊಡನೆ ಇಲ್ಲವಾಗುವ ಅಪಾಯವಿದೆ. ಅದರ ಪದಗಳನ್ನು ಒಂದು ಸಾದಾ ಪಠ್ಯ ಕಡತವಾಗಿ ತೆಗೆದಿಡುವುದು ಕಷ್ಟವೇನಲ್ಲ. ಕ್ಷೇತ್ರಕಾರ್ಯ ಆಧಾರಿತ ಪ್ರತಿಯೊಂದು ಮಹಾಪ್ರಬಂಧದೊಡನೆ ಅಂಥದೊಂದು ಕಡತವನ್ನು ವಿಭಾಗವು ಕೇಳಿ ಪಡೆದು, ಊರಿನ ಹೆಸರಿನಲ್ಲಿ ಇರಿಸಿಕೊಳ್ಳಬೇಕೆಂಬುದು ನನ್ನ ಸೂಚನೆ. ತುಳಸಿಗೇರಿಯ ಪಟ್ಟಿ ನನ್ನಲ್ಲಿ ಸಿದ್ಧವಿದೆ.