ಭಾರ ಹೊರುವುದು ಗೋಡೆ, ಗಾರೆಯಲ್ಲ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಅಲ್ಲಿನ ಹಿರಿಯರು ಕಲ್ಲುಮಣ್ಣಿನ ದಪ್ಪ ಗೋಡೆ ಎಬ್ಬಿಸಿ, ಮೇಲೆ ಮಣ್ಣಿನ ಮಾಳಿಗೆ ಹಾಕಿ ಆ ಬಿಸಿಲನ್ನು ತಡೆದರು. ಗೋಡೆ ಏಳುವಾಗಲೇ ಮರದ ಗೂಟಗಳನ್ನು ಕಲ್ಲುಗಳ ನಡುವೆ ಹುದುಗಿಸುತ್ತಿದ್ದುದರಿಂದ, ತೂಗುಹಾಕಿದ ನೊಗ, ಹಗ್ಗ, ಚೀಲಗಳ ಭಾರವೆಲ್ಲ ಗೋಡೆಗೇ ಸೇರುತ್ತಿತ್ತು.

ಇಂದು ಅಂಥ ಮನೆಗಳ ಜಾಗದಲ್ಲಿ ಏಳುತ್ತಿರುವ ತೆಳುಗೋಡೆಯ ಸಿಮೆಂಟು ಮನೆಗಳು ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಒಳಗೆ ಬಿಡುತ್ತವೆ. ಇದಕ್ಕೊಂದು ಪರಿಹಾರ, ಹೊರಗೋಡೆಗೆ ಥರ್ಮೋಕೋಲ್ ಹಲಗೆ ಅಂಟಿಸಿ, ಜಾಲರಿ ಹಾಸಿ, ತೆಳುವಾಗಿ ಗಾರೆ ಬಳಿಯುವುದು. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಬೆಳೆದ ಈ ವಿಧಾನವನ್ನು ನಾವು ವಿರೋಧಿಸಬೇಕಿಲ್ಲ. ಮನೆ ತಂಪಾದಷ್ಟೂ ವಿದ್ಯುತ್ತು ಉಳಿಯುತ್ತದೆ. ಆಕ್ಷೇಪವಿರುವುದು ಅದರ ಮೇಲೆ ವಿವೇಚನೆಯಿಲ್ಲದೆ ಭಾರ ಹೇರುವುದಕ್ಕೆ.

ಥರ್ಮೋಕೋಲಿನ ಗಾತ್ರದಲ್ಲಿ ಶೇಕಡ 95ಕ್ಕೂ ಹೆಚ್ಚು ಗಾಳಿಯೇ ಇರುತ್ತದೆ. ಮೇಲಿನ ಗಾರೆ ಕೆಲವೇ ಮಿಲಿಮೀಟರ್ ದಪ್ಪ. ಅದರ ಮೇಲೆ 30–40 ಕಿಲೋ ತೂಗುವ ಎ.ಸಿ. ಹೊರಘಟಕವನ್ನೋ, ಗಾಳಿಗೆ ಎಳೆದಾಡುವ ಡಿಶ್ ಆಂಟೆನಾವನ್ನೋ ಗಿಡ್ಡ ಬೋಲ್ಟಿನಿಂದ ಬಿಗಿದರೆ, ಬಿಗಿದಷ್ಟೂ ಥರ್ಮೋಕೋಲ್ ಕುಗ್ಗಿ ಗಾರೆ ಬಿರಿಯುತ್ತದೆ. ಒಂದು ದಿನ ಅದು ಕಳಚಿ, ಕೆಳಗೆ ಆಡುವ ಮಗುವಿನ ಮೇಲೆ ಬಿದ್ದೀತು.

ಮೊದಲು ಗೋಡೆಯನ್ನು ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಒಳಗೆ ಥರ್ಮೋಕೋಲ್ ಇರಬಹುದೆಂದು ತಿಳಿದು, ಸಣ್ಣ ರಂಧ್ರ ಕೊರೆದು ಅದರ ದಪ್ಪ ಅಳೆಯಬೇಕು. ಬೋಲ್ಟು ಅದನ್ನು ದಾಟಿ ಗಟ್ಟಿ ಗೋಡೆಯೊಳಗೆ ಆಳವಾಗಿ ಹೋಗಬೇಕು. ಥರ್ಮೋಕೋಲ್ ಮತ್ತು ಗಾರೆಯ ಒಟ್ಟು ದಪ್ಪದಷ್ಟೇ ಉದ್ದದ ಗಟ್ಟಿ ಕೊಳವೆಯ ತುಂಡನ್ನು ಬೋಲ್ಟಿಗೆ ತೊಡಿಸಿದರೆ, ಬಿಗಿಯುವ ಒತ್ತಡವನ್ನು ಕೊಳವೆಯೇ ತಾಳುತ್ತದೆ. ಟೊಳ್ಳು ಸಿಮೆಂಟು ಇಟ್ಟಿಗೆಯ ಗೋಡೆಯಾದರೆ ಬೋಲ್ಟನ್ನು ಆರುಪಾರು ತೂರಿಸಿ, ಒಳಬದಿಗೆ ಉಕ್ಕಿನ ಪಟ್ಟಿ ಕೊಡುವುದು ಲೇಸು. ಭಾರ ತೀರ ಹೆಚ್ಚಾಗಿದ್ದರೆ ಗೋಡೆಯನ್ನು ಬಿಟ್ಟು ನೆಲದ ಮೇಲೆ ಕಟ್ಟೆ ಕಟ್ಟುವುದೇ ಜಾಣತನ.

ಬಯಲುಸೀಮೆಯ ಈ ಮಾತು ಮಲೆನಾಡಿನ ನಮಗೇಕೆ ಎನ್ನದಿರಿ. ವಿಜಯಪುರದ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7000ಕ್ಕೂ ಹೆಚ್ಚು. ಇಲ್ಲಿ ಗಾರೆಗೆ ಕೊರೆದ ಪ್ರತಿ ರಂಧ್ರವೂ ನೀರಿಗೆ ಬಾಗಿಲು. ಒಳಹೊಕ್ಕ ನೀರು ಥರ್ಮೋಕೋಲಿನ ಹಿಂದೆ ನಿಂತು, ಬೇಗ ಆರದೆ, ಗೋಡೆಯನ್ನು ಕೆಡಿಸುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ 1990ರ ದಶಕದಲ್ಲಿ ಇಂಥ ಗಾರೆಯ ಹಿಂದೆ ನೀರು ಸೇರಿ ಅನೇಕ ಮನೆಗಳ ಮರದ ಚೌಕಟ್ಟುಗಳೇ ಕೊಳೆತವು. ಆದುದರಿಂದ ರಂಧ್ರವನ್ನು ಹೊರಗೆ ಇಳಿಜಾರಾಗಿ ಕೊರೆದು, ಅಂಚಿಗೆ ಸಿಲಿಕೋನ್ ಮೆತ್ತಿ, ಪ್ರತಿ ಮಳೆಗಾಲಕ್ಕೆ ಮುನ್ನ ಪರೀಕ್ಷಿಸಬೇಕು.

ಥರ್ಮೋಕೋಲ್ ಹೊದಿಸುವ ಮೊದಲೇ ಯಾವ ಭಾರ ಎಲ್ಲಿ ಎಂದು ಗೊತ್ತುಮಾಡಿ, ಅಲ್ಲಿ ಗೋಡೆಗೆ ಉಕ್ಕಿನ ಆಧಾರ ನೆಡಿಸಿ. ಗೋಡೆಯೊಂದಿಗೇ ಗೂಟವಿಟ್ಟವರ ವಿವೇಕ ಇದೇ ಆಗಿತ್ತು.